ಅಂಗಡಿ ಕೆಲಸ ಬೇಡ ಎನ್ನುವವರು ಸಿಗಲಿಲ್ಲ

ಬಿಟಿಎಂ ಲೇಔಟಿನಲ್ಲಿ ನಾವು ಬಾಡಿಗೆಗಿದ್ದ ಮನೆಯಿಂದ ನಾಲ್ಕು ಬೀದಿ ದಾಟಿದರೆ ಒಂದು ದೊಡ್ಡ ಅಂಗಡಿ ತೆರೆದಿತ್ತು. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷ ಆಗಿರಬೇಕು. ಕೈಯಲ್ಲಿ ಬುಟ್ಟಿ ಹಿಡಿದು, ಬೇಕಾದ್ದನ್ನು ನಾವೇ ತೆಗೆದುಕೊಳ್ಳುವ ಅಂಗಡಿ ನಮ್ಮ ಕಡೆಗೆ ಆಗಿನ್ನೂ ಹೊಸದು. ನಾನು ಅಲ್ಲಿಗೆ ಕೊಳ್ಳುವುದಕ್ಕಿಂತ ಹೆಚ್ಚಾಗಿ ತಪ್ಪು ಹುಡುಕುವುದಕ್ಕೆ ಹೋಗುತ್ತಿದ್ದೆ. ಗದಗಿನಿಂದ ಬೆಂಗಳೂರಿಗೆ ಬಂದು ಎಂಟು ವರ್ಷವಾಗಿತ್ತು. ವಯಸ್ಸು ಮೂವತ್ತೊಂಬತ್ತು. ಸಮಾಜಶಾಸ್ತ್ರದಲ್ಲಿ ಬಿ.ಎ., ಎರಡನೇ ದರ್ಜೆ. ಈ ಪದವಿಯನ್ನು ಯಾರೂ ಕೇಳದೆ ಹೋದದ್ದರಿಂದ ನಾನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ.

ಒಂದು ಬೆಳಿಗ್ಗೆ ರವೆಯ ಪ್ಯಾಕೆಟಿನಲ್ಲಿ ನುಸಿ ಸಿಕ್ಕಿತು. ನನಗೆ ಬೇಸರಕ್ಕಿಂತ ಖುಷಿಯೇ ಹೆಚ್ಚಾಯಿತು. ಒಳ್ಳೆಯ ಸೀರೆ ಉಟ್ಟುಕೊಂಡು, ಪ್ಯಾಕೆಟ್ ಹಿಡಿದುಕೊಂಡು ಹೋದೆ. ಮ್ಯಾನೇಜರ್ ನನಗಿಂತ ಹತ್ತು ವರ್ಷವಾದರೂ ಚಿಕ್ಕವನು. ಅವನನ್ನು ರವೆಯ ಕಪಾಟಿನ ಮುಂದೆ ನಿಲ್ಲಿಸಿ ಪಾಠ ಮಾಡಿದೆ: ಹಳೆಯ ಪ್ಯಾಕೆಟ್ ಮುಂದಿರಬೇಕು, ಹೊಸದು ಹಿಂದಿರಬೇಕು, ನೀವು ಹೊಸದನ್ನು ಮುಂದೆ ತುರುಕುತ್ತೀರಿ, ಹಳೆಯದು ಹಿಂದೆಯೇ ಕೊಳೆಯುತ್ತದೆ. ಹೇಳುತ್ತ ಹೇಳುತ್ತ ಕೈ ಸುಮ್ಮನಿರದೆ ಒಂದು ಸಾಲನ್ನು ಜೋಡಿಸಿಯೇ ಬಿಟ್ಟೆ.

ಅವನು ಕೈಕಟ್ಟಿಕೊಂಡು ನೋಡಿದ. "ಮೇಡಂ, ನಮ್ಮಲ್ಲೇ ಕೆಲಸಕ್ಕೆ ಬರ್ತೀರಾ? ಜನ ಬೇಕಾಗಿದ್ದಾರೆ," ಎಂದ.

ಹೊಗಳುತ್ತಿದ್ದಾನೆಂದು ಮೊದಲು ಅಂದುಕೊಂಡೆ. ಆಮೇಲೆ ಅವನು ನಿಜವಾಗಿಯೇ ಕೇಳುತ್ತಿದ್ದಾನೆಂದು ಗೊತ್ತಾಯಿತು. "ನಾನು ಬಿ.ಎ. ಮಾಡಿದೀನಿ," ಎಂದೆ.

"ಹೌದಾ. ಇಪ್ಪತ್ತೈದು ಕೆಜಿ ಎತ್ತಕ್ಕಾಗುತ್ತಾ, ಆಂಟಿ?"

ಒಂದೇ ನಿಮಿಷದಲ್ಲಿ ಮೇಡಂ ಹೋಗಿ ಆಂಟಿಯಾಗಿದ್ದೆ. ಕೆಲಸದ ವಿವರ ಅವನು ಮುಚ್ಚುಮರೆಯಿಲ್ಲದೆ ಹೇಳಿದ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ. ಮೂಟೆ, ಡಬ್ಬ ತಂದು ಜೋಡಿಸಬೇಕು, ನೆಲಕ್ಕೆ ಬಿದ್ದದ್ದು ಒರೆಸಬೇಕು. ಊಟದ ಅರ್ಧ ಗಂಟೆ ಬಿಟ್ಟರೆ ಕೂರುವಂತಿಲ್ಲ. ಸಂಬಳ ನಾಲ್ಕು ಜನರೆದುರು ಹೇಳಿಕೊಳ್ಳುವಂಥದ್ದಲ್ಲ. "ಯೋಚನೆ ಮಾಡಿ ಶುಕ್ರವಾರ ಹೇಳಿ ಆಂಟಿ. ಒಂದಿನ ಬಂದು ನೋಡಿ ಬೇಕಾದ್ರೆ," ಎಂದ. ಅವಮಾನವಾಯಿತೆಂದು ಮುಖ ಊದಿಸಿಕೊಂಡು ಹೊರಟೆ. ಹೊಸ ರವೆ ಕೊಡಿಸಿಕೊಳ್ಳುವುದನ್ನು ಮಾತ್ರ ಮರೆಯಲಿಲ್ಲ.

ಅವಮಾನವೇ ಆಗಿದ್ದರೆ ಅಲ್ಲಿಗೇ ಬಿಡಬಹುದಿತ್ತು. ಆದರೆ ಅದಕ್ಕೂ ಎರಡು ತಿಂಗಳ ಹಿಂದೆ ಜೆ.ಪಿ. ನಗರದ ಒಂದು ಶಾಲೆಗೆ ಟೀಚರ್ ಕೆಲಸ ಕೇಳಿಕೊಂಡು ಹೋಗಿದ್ದೆ. ಹೆಡ್‌ಮಿಸ್ ಇಂಗ್ಲಿಷಿನಲ್ಲಿ ನನ್ನ ಬಗ್ಗೆ ಹೇಳಲು ಹೇಳಿದರು. ನಾನು ನನ್ನ ಪದವಿಯ ಬಗ್ಗೆ ಹೇಳಿದೆ. ಮತ್ತೇನಾದರೂ ಇದೆಯೇ ಎಂದರು. ಅದನ್ನೇ ಇನ್ನೊಮ್ಮೆ ಹೇಳಿದೆ. ತಿಳಿಸುತ್ತೇವೆ ಎಂದವರು ತಿಳಿಸಲಿಲ್ಲ. ಮಗಳು ಒಂಬತ್ತನೇ ಕ್ಲಾಸಿಗೆ ಬಂದಿದ್ದಳು, ಕೊರಿಯರ್ ಕಚೇರಿಯ ನನ್ನ ಗಂಡನ ಸಂಬಳ ತಿಂಗಳ ಕೊನೆಯವರೆಗೆ ಸಾಲುತ್ತಿರಲಿಲ್ಲ, ಮತ್ತು ಹನ್ನೊಂದು ಗಂಟೆಗೆ ಅಡುಗೆ ಮುಗಿದ ಮೇಲೆ ನನಗೆ ಮಾಡಲು ಏನೂ ಇರುತ್ತಿರಲಿಲ್ಲ.

ಹಾಗಾಗಿ ಒಂದು ಉಪಾಯ ಮಾಡಿದೆ. ಮನೆಯಲ್ಲಿ ಸುದ್ದಿ ಹೇಳುವುದು. ಅವರು ಬೇಡ ಅನ್ನುತ್ತಾರೆ. ನಾನು ಸ್ವಲ್ಪ ವಾದ ಮಾಡಿ, ಮನೆತನದ ಮರ್ಯಾದೆಗಾಗಿ ತ್ಯಾಗ ಮಾಡಿದವಳಂತೆ ಸುಮ್ಮನಾಗುವುದು.

ಗಂಡನಿಗೆ ಊಟಕ್ಕೆ ಬಡಿಸುವಾಗ ಹೇಳಿದೆ. ಅವರು ರೊಟ್ಟಿ ಮುರಿಯುತ್ತ, "ನಡಕೊಂಡ ಹೋಗೂ ಅಷ್ಟ ದೂರ ಐತಿ, ಬಸ್ಸಿನ ಕಾಟಿಲ್ಲ. ಛಲೋ ಆತಲ್ಲ," ಎಂದರು.

"ಮಂದಿ ಏನಂತಾರ?" ಎಂದು ನೆನಪಿಸಿದೆ.

"ಯಾವ ಮಂದಿ?"

ಮಗಳು ತಲೆಯೆತ್ತಿ, "ಸ್ಟಾಫ್‌ಗೆ ಡಿಸ್ಕೌಂಟ್ ಇರುತ್ತಾಮ್ಮ?" ಎಂದು ಕೇಳಿದಳು. ಕೆಳಮನೆಯ ಓನರ್ ಆಂಟಿಯಾದರೂ ಮೂಗು ಮುರಿಯುತ್ತಾರೆಂದು ಅವರ ಹತ್ತಿರ ಹೋದೆ. "ನಮ್ಮ ತಂಗಿ ಮಗಳು ಮನೇಲೇ ಇದಾಳೆ ಕಣ್ರೀ, ಅವಳನ್ನೂ ತಗೋತಾರಾ ಕೇಳ್ತೀರಾ?" ಎಂದರು ಅವರು. ನನ್ನ ಮರ್ಯಾದೆಯನ್ನು ಕಾಪಾಡುವ ಹೊಣೆ ನನ್ನೊಬ್ಬಳ ಮೇಲೇ ಬಿದ್ದಿದೆಯೆಂದು ಆವತ್ತು ತಿಳಿಯಿತು.

ಉಳಿದವರು ಅತ್ತೆ. ಅವರಿಗೆ ನಾನಾಗಿ ಹೇಳುವ ಮೊದಲೇ ಸಿಕ್ಕಿಬಿದ್ದೆ. ಇಪ್ಪತ್ತೈದು ಕೆಜಿ ಎತ್ತಲು ಆಗುವುದಿಲ್ಲವೆಂದು ಖಚಿತವಾದರೆ ಮಾತೇ ಮುಗಿಯಿತಲ್ಲ ಎಂದುಕೊಂಡು, ಗುರುವಾರ ಮಧ್ಯಾಹ್ನ ಅವರು ಮಲಗಿದ್ದಾಗ ಅಡುಗೆಮನೆಯಲ್ಲಿದ್ದ ಅಷ್ಟೇ ತೂಕದ ಹೊಸ ಅಕ್ಕಿ ಮೂಟೆಯನ್ನು ಎತ್ತಲು ನೋಡಿದೆ. ಮೇಲಿನ ಕಿವಿ ಹಿಡಿದು ಜಗ್ಗಿದೆ. ಮೂಟೆ ಅಲ್ಲಾಡಲಿಲ್ಲ, ನನ್ನ ಸೊಂಟ ಅಲ್ಲಾಡಿತು. ಎರಡನೇ ಸಲ ಅದನ್ನು ತಬ್ಬಿಕೊಂಡು ಏಳಲು ಹೋಗಿ, ಮೂಟೆಯ ಸಮೇತ ಗೋಡೆಗೆ ಒರಗಿ ಕುಳಿತುಬಿಟ್ಟೆ. ಏಳಲಾಗದೆ ಒದ್ದಾಡುತ್ತಿದ್ದಾಗ ಬಾಗಿಲಲ್ಲಿ ಅತ್ತೆ ನಿಂತಿದ್ದರು.

"ಏನ್ ನಡಿಸೀಯವಾ?"

ಇದ್ದದ್ದನ್ನೆಲ್ಲ ಹೇಳಿದೆ. ಅವರು ನಗಲಿಲ್ಲ. ಮೂಟೆಯನ್ನು ನನ್ನ ಮಡಿಲಿಂದ ಆಚೆಗೆ ಉರುಳಿಸಿ, "ಬೆನ್ನಿಂದ ಎತ್ತಬಾರ್ದು. ಮೊಣಕಾಲು ಮಡಚಿ ಕೂಡು. ಮೂಟಿ ಹೊಟ್ಟಿಗೆ ಹಚ್ಚಿಕೋ. ಈಗ ಕಾಲಿಂದ ಏಳು," ಎಂದರು. "ನಾ ಹತ್ತಿ ಗಿರಣ್ಯಾಗ ಹನ್ನೆರಡು ವರ್ಷ ಬುಟ್ಟಿ ಹೊತ್ತಾಕಿ. ನಿನಗ ಗೊತ್ತೈತಲ್ಲ."

ಗೊತ್ತಿತ್ತು. ಗೊತ್ತಿದ್ದೇ ನಾನು ಎಂಟು ವರ್ಷದಿಂದ ಇಲ್ಲಿಯ ನೆರೆಹೊರೆಗೆಲ್ಲ, ನನ್ನ ಗಂಡನ ಮನೆಯವರದು ಹತ್ತಿ ವ್ಯಾಪಾರವಿತ್ತು ಎಂದು ಹೇಳಿಕೊಂಡು ಬಂದಿದ್ದೆ. ಅತ್ತೆಯ ಎದುರಿಗೇ ಒಂದೆರಡು ಸಲ ಹೇಳಿದ್ದೂ ಉಂಟು. ಅವರು ಆಗಲೂ ಏನೂ ಅಂದಿರಲಿಲ್ಲ. ಅವರ ಮುಖ ನೋಡಲಾರದೆ ಮೂಟೆ ನೋಡಿದೆ. ಮೊಣಕಾಲು ಮಡಚಿ, ಹೊಟ್ಟೆಗೆ ಹಚ್ಚಿಕೊಂಡು ಎದ್ದೆ. ಮೂಟೆಯೂ ಎದ್ದಿತು.

"ಒಂದ್ ದಿನ ಹೋಗಿ ನೋಡು. ಆಗಲಿಲ್ಲಂದ್ರ ಬಿಡು," ಎಂದು ಅವರು ಮತ್ತೆ ಮಲಗಲು ಹೋದರು.

ಶುಕ್ರವಾರ ಹೋದೆ. ಮನಸ್ಸಿನಲ್ಲಿ ಸಂಜೆಗೆ ಹೇಳಬೇಕಾದ ಮಾತು ಸಿದ್ಧವಾಗಿತ್ತು: "ನಿಮ್ಮ ಅಂಗಡಿ ಚೆನ್ನಾಗಿದೆ, ಆದರೆ ನನ್ನ ವಿದ್ಯಾಭ್ಯಾಸಕ್ಕೆ ಇದು ಹೊಂದುವುದಿಲ್ಲ." ಕೆಲಸ ತೋರಿಸಲು ಒಬ್ಬಳು ಹುಡುಗಿ ಬಂದಳು, ಮಡಿವಾಳದ ಕಡೆಯವಳು. ನೀಲಿ ಟೀ ಶರ್ಟೊಂದನ್ನು ಕೊಟ್ಟು, "ಸೀರೆ ಮೇಲೇ ಹಾಕ್ಕೊಳ್ಳಿ ಆಂಟಿ, ಇವತ್ತೊಂದಿನಕ್ಕೆ," ಎಂದಳು. ರೇಷ್ಮೆ ಅಂಚಿನ ಸೀರೆಯ ಮೇಲೆ ಟೀ ಶರ್ಟ್ ಹಾಕಿಕೊಂಡ ನನ್ನನ್ನು ಬಿಸ್ಕತ್ತಿನ ಕಪಾಟಿನ ಪಕ್ಕದ ಕನ್ನಡಿಯಲ್ಲಿ ನೋಡಿ, ಆ ದಿನ ಪೂರ್ತಿ ಬಿಸ್ಕತ್ತಿನ ಕಡೆ ಹೋಗಲಿಲ್ಲ.

ಹನ್ನೊಂದರ ಹೊತ್ತಿಗೆ ಹಿಮ್ಮಡಿ ಉರಿಯಲು ಶುರುವಾಯಿತು. ಒಂದು ಗಂಟೆಗೆ ಮೊಣಕಾಲು. ಸೋಪಿನ ಪುಡಿಯ ಡಬ್ಬಗಳನ್ನು ಇಳಿಸುವಾಗ ಬಾಗಿಲ ಕಡೆ ನೋಡಿದವಳು ಹಾಗೇ ಕುಕ್ಕರಿಸಿಬಿಟ್ಟೆ. ಜೆ.ಪಿ. ನಗರದ ಶಾಲೆಯ ಹೆಡ್‌ಮಿಸ್ ಬುಟ್ಟಿ ಹಿಡಿದು ಒಳಗೆ ಬರುತ್ತಿದ್ದರು. ಡಬ್ಬಗಳ ಹಿಂದೆ ತಲೆ ತಗ್ಗಿಸಿ ಕೂತೆ. ಚಪ್ಪಲಿಯ ಸದ್ದು ಹತ್ತಿರ ಬಂದು ನಿಂತಿತು.

"ಏನಮ್ಮಾ, ಉದ್ದಿನಬೇಳೆ ಎಲ್ಲಿಟ್ಟಿದೀರಾ?"

ಎದ್ದೆ. ಅವರು ನನ್ನ ಮುಖವನ್ನೇ ನೇರವಾಗಿ ನೋಡಿದರು. ನಾನು ಏನಾದರೂ ವಿವರಣೆ ಕೊಡಬೇಕೆಂದು ಬಾಯಿ ತೆರೆದೆ. ಅವರ ಕಣ್ಣಲ್ಲಿ ಉದ್ದಿನಬೇಳೆ ಬಿಟ್ಟರೆ ಬೇರೇನೂ ಇರಲಿಲ್ಲ. ನನ್ನ ಗುರುತೇ ಅವರಿಗಿರಲಿಲ್ಲ. ಎರಡು ತಿಂಗಳಿಂದ ನಾನು ದಿನವೂ ಅವರಿಗೆ ಮನಸ್ಸಿನಲ್ಲೇ ಉತ್ತರ ಕೊಡುತ್ತಿದ್ದೆ, ಒಳ್ಳೊಳ್ಳೆಯ ಇಂಗ್ಲಿಷಿನಲ್ಲಿ. ಅವರು ಮಾತ್ರ ಆವತ್ತು ನಾನು ಶಾಲೆಯ ಬಾಗಿಲು ದಾಟುವ ಮೊದಲೇ ನನ್ನನ್ನು ಮರೆತಿದ್ದಿರಬೇಕು.

"ಇಡ್ಲಿಗಾ, ದೋಸೆಗಾ?" ಎಂದು ಕೇಳಿದೆ.

"ಇಡ್ಲಿಗೆ."

"ಹಾಗಾದ್ರೆ ಒಡೆದ ಬೇಳೆ ಬೇಡ ಮೇಡಂ, ಇಡೀ ಉದ್ದು ತಗೊಳ್ಳಿ. ಹಿಟ್ಟು ಚೆನ್ನಾಗಿ ಒದಗುತ್ತೆ."

ಅವರು ಅಲ್ಲೇ ನಿಂತು ಅಕ್ಕಿ ಎಷ್ಟು, ಬೇಳೆ ಎಷ್ಟು, ಎಷ್ಟು ಹೊತ್ತು ನೆನೆಸಬೇಕು ಎಂದೆಲ್ಲ ಕೇಳಿದರು. ನಾನು ಹೇಳಿದೆ. ಅವರು ಬ್ಯಾಗಿನಿಂದ ಚೀಟಿ ತೆಗೆದು ಬರೆದುಕೊಂಡರು. ಅವರು ಹೋದಮೇಲೆ ಅವಮಾನವಾಗಲಿ ಎಂದು ಸ್ವಲ್ಪ ಹೊತ್ತು ಕಾದೆ. ಅಷ್ಟರಲ್ಲಿ ಮಡಿವಾಳದ ಹುಡುಗಿ ಅವಲಕ್ಕಿ ಖಾಲಿಯಾಗಿದೆ ಎಂದು ಕರೆದಳು.

ಸಂಜೆ ಮ್ಯಾನೇಜರ್, "ಏನ್ ಆಂಟಿ, ನಾಳೆಯಿಂದ ಬರ್ತೀರಾ?" ಎಂದು ಕೇಳಿದ. ಸಿದ್ಧ ಮಾಡಿಕೊಂಡಿದ್ದ ಮಾತಿನಲ್ಲಿ "ನಿಮ್ಮ ಅಂಗಡಿ ಚೆನ್ನಾಗಿದೆ" ಎಂಬಷ್ಟೇ ಹೊರಗೆ ಬಂತು. ಮನೆಗೆ ಹೋಗಿ ಹೇಳುತ್ತೇನೆ ಎಂದೆ. ಮನೆಯಲ್ಲಿ ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು, ಇದು ಆಗುವ ಮಾತಲ್ಲ ಎಂದು ಮೂರು ಸಲ ಘೋಷಿಸಿದೆ. ಅತ್ತೆ ಬಕೆಟ್ಟಿಗೆ ಇನ್ನಷ್ಟು ಬಿಸಿನೀರು ಸುರಿದರು.

ಮಾರನೆಯ ದಿನ ಎಂಟೂವರೆಗೇ ಹೊರಟೆ. ಶ್ರಮದ ಘನತೆಯನ್ನು ಕಂಡುಕೊಂಡೆ ಎಂದು ಬರೆದುಕೊಳ್ಳಲು ನನಗೂ ಆಸೆಯಿದೆ. ನಿಜ ಏನೆಂದರೆ, ಎದ್ದೊಡನೆ ತಲೆಗೆ ಬಂದದ್ದು ಅವಲಕ್ಕಿಯ ಸಾಲು. ಗಟ್ಟಿ ಅವಲಕ್ಕಿ ಒಂದು ಕಡೆ, ತೆಳುವಾದದ್ದು ಒಂದು ಕಡೆ, ಹಳೆಯದು ಮುಂದೆ ಎಂದು ಹಿಂದಿನ ದಿನ ಅರ್ಧ ಗಂಟೆ ನಿಂತು ಜೋಡಿಸಿದ್ದೆ. ಅದನ್ನು ಯಾರೋ ಕಲಸಿಹಾಕಿರುತ್ತಾರೆ ಎಂಬ ಸಂಕಟ ತಡೆಯಲಾಗಲಿಲ್ಲ. ಹೋಗಿ ನೋಡಿದರೆ ನಿಜವಾಗಿಯೂ ಕಲಸಿದ್ದರು. ಬೈದುಕೊಳ್ಳುತ್ತ ಟೀ ಶರ್ಟ್ ಹಾಕಿಕೊಂಡೆ.

ಮೂರು ವರ್ಷ ಮಾಡಿದೆ, ಮೊಣಕಾಲು ಪೂರ್ತಿ ಕೈಕೊಡುವವರೆಗೆ. ಕಾಲುನೋವಿಗೆ ಅತ್ತೆ ದಿನವೂ ಹರಳೆಣ್ಣೆ ಹಚ್ಚಿ ತಿಕ್ಕುತ್ತಿದ್ದರು. ಎರಡನೇ ವರ್ಷದಲ್ಲಿ ಒಮ್ಮೆ ಓನರ್ ಆಂಟಿ ಕಾಫಿಗೆ ಬಂದಿದ್ದಾಗ, ಎಣ್ಣೆಯ ಬಟ್ಟಲು ಹಿಡಿದಿದ್ದ ಅತ್ತೆಯ ಎದುರಿಗೇ, "ನಮ್ಮತ್ತೆ ಗಿರಣೀಲಿ ಕೂಲಿ ಮಾಡಿದವರು, ಭಾರ ಎತ್ತೋದನ್ನ ಅವರೇ ನಂಗೆ ಕಲಿಸಿದ್ದು," ಎಂದೆ. ಓನರ್ ಆಂಟಿ ಹೌದಾ ಎಂದು ಕಾಫಿ ಕುಡಿದರು. ಅತ್ತೆ ನನ್ನ ಇನ್ನೊಂದು ಕಾಲನ್ನು ಎಳೆದುಕೊಂಡು, "ಸುಮ್ನ ಕೂಡು, ಎಣ್ಣಿ ಸೀರಿಗೆ ಹತ್ತತೈತಿ," ಎಂದರು.