ಸೀಗೆಪುಡಿಯಲ್ಲಿ ತೊಳೆದ ಲಾರಿ

ಅಕ್ಕ, ಆ ಕೆಲಸಕ್ಕೆ ಹೆಂಗಸರನ್ನು ತೆಗೆದುಕೊಳ್ಳುವುದಿಲ್ಲ ಎಂದು ನಾನು ನಿನಗೆ ಹೇಳಿದ್ದು ಸುಳ್ಳು. ತೆಗೆದುಕೊಳ್ಳುತ್ತಿದ್ದರು. ನಿನ್ನನ್ನೇ ಕೇಳಿದರು — ಹೆಸರು ಗೊತ್ತಿಲ್ಲದೆ, ಮುಖ ನೋಡದೆ, ನಿನ್ನನ್ನೇ ಕೇಳಿದರು. ಅಂಥವರು ಯಾರೂ ಇಲ್ಲ ಎಂದು ನಾನು ಹೇಳಿ ಬಂದೆ.

ನಿನಗೆ ಗೊತ್ತಿರುವುದನ್ನೇ ಮೊದಲು ಹೇಳುತ್ತೇನೆ, ಗೊತ್ತಿಲ್ಲದ್ದಕ್ಕೆ ಬರಲು ಧೈರ್ಯ ಬೇಕಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು. ಚಾಮರಾಜಪೇಟೆಯ ವಠಾರದಲ್ಲಿ ಅಮ್ಮ, ನೀನು, ನಾನು. ನೀನು ಸುಲ್ತಾನ್‌ಪೇಟೆಯ ಅಂಗಡಿಗಳಿಂದ ಲಗ್ನಪತ್ರಿಕೆ ತಂದು, ಮನೆಯಲ್ಲೇ ಕೂತು ರೇಷ್ಮೆದಾರ ಕಟ್ಟಿಕೊಡುತ್ತಿದ್ದೆ. ನಾನು ಬಿ.ಎ. ಮುಗಿಸಿ, ಕೆಲಸ ಹುಡುಕುತ್ತಿದ್ದೇನೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಮಹಡಿ ಮನೆಯವರ ನೆಂಟ ಲಂಡನ್ನಿನಿಂದ ತಂದು, ತನ್ನ ಕೈಲಾಗದೆ ನನಗೆ ಕೊಟ್ಟುಹೋದ ಆ ಪೆಟ್ಟಿಗೆ ನೆನಪಿದೆಯೇ? ಕೆಟ್ಟುನಿಂತ ಟ್ಯಾಂಕುಗಳನ್ನು ಎಳೆದು ತರುವ ಮಿಲಿಟರಿ ಲಾರಿಯ ಪುಟ್ಟ ಮಾದರಿ, ಬಿಡಿ ತುಂಡುಗಳಲ್ಲಿ. ಅಂಗಡಿಯಲ್ಲಿ ಸಿಗುವ ಪ್ಲಾಸ್ಟಿಕ್ಕಿನದಲ್ಲ, ಅಚ್ಚಿನಲ್ಲಿ ಎರಕ ಹೊಯ್ದ, ಒಣಗಿದರೆ ಕಲ್ಲಾಗುವ ಅಂಟಿನಂಥ ರೆಸಿನ್‌ದು. ತುಂಡುಗಳ ತುಂಬ ಗಾಳಿಗುಳ್ಳೆ, ಕ್ರೇನಿನ ತೋಳು ಸೊಟ್ಟ, ಹೇಗೆ ಜೋಡಿಸಬೇಕೆಂದು ಹೇಳುವ ಒಂದು ಚೀಟಿಯೂ ಇಲ್ಲ.

ನಾನು ಎರಡು ಚಕ್ರ ಮುರಿದೆ. ಉಳಿದದ್ದಕ್ಕೆ ಹಸಿರು ಬಣ್ಣ ಬಳಿದೆ; ಬೆಳಗಾಗುವಷ್ಟರಲ್ಲಿ ಹಾಲಿನ ಕೆನೆಯಂತೆ ಕಿತ್ತು ಬಂತು. ಪೆಟ್ಟಿಗೆಯನ್ನು ಎಸೆಯಲು ಹೊರಟವನನ್ನು ನೀನು ತಡೆದೆ. ಒಂದು ತುಂಡನ್ನು ಬೆರಳಲ್ಲಿ ಉಜ್ಜಿ ನೋಡಿ ನಕ್ಕೆ.

"ಎಣ್ಣೆ ಹಚ್ಚಿದಾರೆ ಕಣೋ ಇದಕ್ಕೆ, ಅಚ್ಚಿಗೆ ಅಂಟ್ಕೋಬಾರ್ದು ಅಂತ. ತಲೆಗೆ ನೀರು ಹಾಕ್ದಂಗೆ ಹಾಕ್ಬೇಕು."

ನೀನೇ ಬಚ್ಚಲಿಗೆ ಒಯ್ದು ಸೀಗೆಪುಡಿಯಲ್ಲಿ ತಿಕ್ಕಿ ತೊಳೆದೆ. ಸೊಟ್ಟ ತೋಳನ್ನು ಹಂಡೆಯ ಬಿಸಿನೀರಲ್ಲಿ ಅದ್ದಿ, ಮೆತ್ತಗಾದ ಮೇಲೆ ನೆಟ್ಟಗೆ ಮಾಡಿ, ತಣ್ಣೀರಿಗೆ ಹಾಕಿದೆ. ಗುಳ್ಳೆಗಳನ್ನು ಒಂದೊಂದಾಗಿ ತುಂಬಿದೆ. ನಾನು ಮುರಿದ ಚಕ್ರಗಳ ಕಡೆ ನೋಡಿದರೂ ಬಯ್ಯಲಿಲ್ಲ; ಉಳಿದ ಚಕ್ರದಿಂದ ಅಚ್ಚು ತೆಗೆದು, ನನ್ನಿಂದ ತರಿಸಿದ ಅಂಥದೇ ಅಂಟಿನಲ್ಲಿ ಹೊಸದಾಗಿ ಎರಕ ಹೊಯ್ದೆ. ಮತ್ತೆ ಬಣ್ಣ ಬಳಿದು ಮುಗಿಸಿದ ಮೇಲೆ ಆ ಲಾರಿ — ಚಾಲಕ ಈಗ ತಾನೇ ಇಳಿದು ಟೀ ಕುಡಿಯಲು ಹೋದ ಹಾಗಿತ್ತು.

ಆಮೇಲೆ ಪತ್ರಿಕೆಯಲ್ಲಿ ಜಾಹೀರಾತು ಬಂತು. ಮಿಲಿಟರಿ ಚಾಲಕರಿಗೆ ಪಾಠ ಹೇಳುವ ತರಬೇತಿ ಶಾಲೆಗೆ ಮಾದರಿ ತಯಾರಿಸುವವರು ಬೇಕು, ಕೈಕೆಲಸದ ನಮೂನೆಯೊಂದಿಗೆ ಬರಬೇಕು. "ಮಿಲಿಟರಿ ಜಾಗ, ನನ್ನನ್ನ ಯಾರು ತಗೋತಾರೆ? ನಿಂದು ಅಂತ್ಲೇ ತಗೊಂಡ್ಹೋಗು" ಎಂದವಳು ನೀನೇ. ಇಲ್ಲಿಯವರೆಗೆ ನಿನಗೆ ಗೊತ್ತು.

ಗೊತ್ತಿಲ್ಲದ್ದು ಇದು. ತರಬೇತಿ ಶಾಲೆಯ ಅಧಿಕಾರಿ, ಮೀಸೆ ನರೆತ ಕನ್ನಡದವರು, ಲಾರಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು. ಬಣ್ಣ ಹೇಗೆ ನಿಂತಿತು ಎಂದು ಕೇಳಿದರು. ಏನು ಹೇಳಲಿ? ನೀನು ಮಾಡಿದ್ದನ್ನೇ ಹೇಳಿದೆ — ಸೀಗೆಪುಡಿಯಲ್ಲಿ ತೊಳೆದೆ ಸಾರ್. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ನನ್ನ ಮುಖವನ್ನೇ ದಿಟ್ಟಿಸಿದರು.

"ಇದು ಹೆಂಗಸರ ಬುದ್ಧಿ ಕಣಯ್ಯ. ಮನೇಲಿ ಯಾರು ಮಾಡಿದ್ದು, ನಿಜ ಹೇಳು. ನಮಗೆ ಇಬ್ಬರು ಬೇಕು. ಹೆಂಗಸಾದ್ರೇನು, ನಾಳೆ ಕರ್ಕೊಂಡ್ಬಾ."

ಅವರ ದನಿಯಲ್ಲಿ ಗದರಿಕೆ ಇರಲಿಲ್ಲ. ಹೌದು ಎಂದಿದ್ದರೆ ಬಹುಶಃ ಇಬ್ಬರಿಗೂ ಸಿಗುತ್ತಿತ್ತು. ಆದರೆ ನೀನು ಪಕ್ಕದಲ್ಲಿ ಕೂತರೆ ನನ್ನ ಬಂಡವಾಳ ಒಂದೇ ದಿನದಲ್ಲಿ ಬಯಲಾಗುತ್ತಿತ್ತು.

"ಯಾರೂ ಇಲ್ಲ ಸಾರ್. ನಾನೇ."

ಮನೆಗೆ ಬಂದಾಗ ನೀನು ಬಾಗಿಲಲ್ಲೇ ನಿಂತಿದ್ದೆ. ಕೆಲಸ ಸಿಕ್ಕಿತೇ ಎಂದು ಆಮೇಲೆ ಕೇಳಿದೆ. ಮೊದಲು ಕೇಳಿದ್ದು, "ಹೆಂಗಸರನ್ನ ತಗೊಳ್ಳಲ್ವಂತಾ?" ಎಂದು. ನೀನೂ ಆಸೆ ಇಟ್ಟುಕೊಂಡಿದ್ದೆ — ನನಗೆ ಆ ಕ್ಷಣದಲ್ಲೇ ಅರ್ಥವಾಯಿತು, ಅರ್ಥವಾಗಿಯೂ — "ಇಲ್ಲಕ್ಕ, ಗಂಡಸರಿಗೆ ಮಾತ್ರ."

ಅಲ್ಲಿಂದ ನಾನು ಸಿಕ್ಕಿಹಾಕಿಕೊಂಡೆ. ಗದ್ದಲದಲ್ಲಿ ನಾಜೂಕು ಕೆಲಸ ಆಗುವುದಿಲ್ಲ ಎಂದು ಶಾಲೆಯಲ್ಲಿ ನೆಪ ಹೇಳಿ, ನಕ್ಷೆ ಮತ್ತು ತುಂಡುಗಳನ್ನು ಊಟದ ಕ್ಯಾರಿಯರ್‌ನಲ್ಲಿ ಮನೆಗೆ ತರುತ್ತಿದ್ದೆ. ನೀನು ಮಾಡಿಕೊಟ್ಟದ್ದನ್ನು ಅದರಲ್ಲೇ ಹೊತ್ತೊಯ್ಯುತ್ತಿದ್ದೆ. ಹಗಲೆಲ್ಲ ಅಲ್ಲಿ ಉಪ್ಪುಕಾಗದ ಹಿಡಿದು ಒಂದೇ ತುಂಡನ್ನು ಉಜ್ಜುತ್ತ ಕೂರುವುದು. ಬೆನ್ನ ಹಿಂದೆ ಯಾರಾದರೂ ನಿಂತರೆ ತುಂಡನ್ನು ಅಂಗೈಯಲ್ಲಿ ಮುಚ್ಚಿಕೊಳ್ಳುವುದು. ಬಿಡಲಾರೆ, ಅಮ್ಮನ ಔಷಧಿ ಆ ಸಂಬಳದಲ್ಲೇ ಬರುತ್ತಿತ್ತು. ನಿಜ ಹೇಳಲಾರೆ — ಹೇಳಿದರೆ ಮೊದಲು ನಿನಗೇ ಹೇಳಬೇಕಲ್ಲ. ಒಮ್ಮೆ ನಿನಗೆ ಟೈಫಾಯಿಡ್ ಆಗಿ ಮಲಗಿದಾಗ ನನಗೆ ಮೊದಲು ಹೊಳೆದದ್ದು ಜೀಪಿನ ಮಾದರಿಯ ಮುಗಿಯದ ಚಕ್ರಗಳು. ಇಷ್ಟು ನೀಚನಾಗಿದ್ದೆ.

ರೆಸಿನ್ ವಾಸನೆ ಅಮ್ಮನಿಗೆ ಆಗುತ್ತಿರಲಿಲ್ಲ, ವಠಾರದವರ ಕಣ್ಣಿಗೂ ಬೀಳಬಾರದು. ಹಾಗಾಗಿ ನೀನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು, ಹಂಡೆಯ ಪಕ್ಕ ಮಣೆಯ ಮೇಲೆ ಕೂತು ಕೆಲಸ ಮಾಡಿದೆ. ಹಗಲಲ್ಲೂ ದೀಪ ಬೇಕಿತ್ತು. ನಿನ್ನ ಈ ಕೆಮ್ಮು ಆಗ ಶುರುವಾದದ್ದು ಇವತ್ತಿಗೂ ಹೋಗಿಲ್ಲ. ಇಷ್ಟರ ಮೇಲೆ ನೀನು ಬಂದವರ ಮುಂದೆಲ್ಲ ಹೇಳುತ್ತೀಯ, "ನಮ್ಮ ಸೀನ ನನಗೋಸ್ಕರ ಮನೆಗೆ ಕೆಲಸ ತಂದುಕೊಡ್ತಿದ್ದ, ಇಲ್ದಿದ್ರೆ ನನ್ನ ಕೈಗೆ ಏನಿತ್ತು?" ಎಂದು. ಅದನ್ನು ಕೇಳಿಯೂ ಕೂತಲ್ಲೇ ಕೂತಿರುತ್ತೇನೆ.

ನಾನು ನಿವೃತ್ತನಾಗಿಯೇ ಎಷ್ಟೋ ವರ್ಷವಾಯಿತು. ಮೊನ್ನೆ ಅವರೆಕಾಯಿ ಸುಲಿಯುತ್ತ ನೀನು ಇದ್ದಕ್ಕಿದ್ದಂತೆ ಕೇಳಿದೆ, "ಅಲ್ಲಿ ನೀನು ಕೂತ್ಕೋತಿದ್ದ ಕಡೆ ಬೆಳಕು ಚೆನ್ನಾಗಿ ಬರ್ತಿತ್ತೇನೋ?"

ಬರುತ್ತಿತ್ತು ಎಂದೆ. "ಒಳ್ಳೇದು, ಆ ಕೆಲಸಕ್ಕೆ ಬೆಳಕು ಬೇಕು" ಎಂದು ನೀನು ಮತ್ತೆ ಅವರೆಕಾಯಿಗೆ ಬಗ್ಗಿದೆ.

ಪೂರ್ತಿ ಹೇಳಲಿಲ್ಲ ಅಕ್ಕ. ಬೆಳಕು ಬರುತ್ತಿದ್ದದ್ದು ಎರಡನೆಯ ಮೇಜಿಗೆ. ಆ ಜಾಗಕ್ಕೆ ಸರಿಯಾದವರು ಸಿಗಲಿಲ್ಲವೆಂದು ಅದನ್ನು ಬಹಳ ಕಾಲ ಖಾಲಿ ಬಿಟ್ಟಿದ್ದರು. ನಾನು ಅದರ ಮೇಲೆ ಕ್ಯಾರಿಯರ್ ಇಡುತ್ತಿದ್ದೆ.

ಈ ಕಾಗದವನ್ನು ಈಗಲೇ ನಿನ್ನ ಕೋಣೆಗೆ ತಂದು ಓದುತ್ತೇನೆ, ನಾಳೆಗೆ ಇಡುವುದಿಲ್ಲ. ಒಂದೇ ಕೇಳಿಕೆ. ಕೇಳಿ ಮುಗಿದ ಮೇಲೆ, ದಯವಿಟ್ಟು, "ಹೋಗ್ಲಿ ಬಿಡೋ" ಅನ್ನಬೇಡ.