ಮಾರೆವ್ವನ ಹತ್ತು ಹೆಜ್ಜೆ

ಹನುಮಸಾಗರದಲ್ಲಿ ಹೇಮಾವತಿಗೆ ಜಂಪರ ಹೊಲಿಯಲು ಕೊಟ್ಟವರು ಹೇಳಿದ ದಿನಕ್ಕೆ ಅದನ್ನು ಪಡೆದದ್ದು ಕಡಿಮೆ. ಸೋಮವಾರ ಅಂದರೆ ಗುರುವಾರ ಎಂದೇ ತಿಳಿಯಬೇಕು. ಹಾಗಂತ ಆಕೆ ಮೈಗಳ್ಳಿಯಲ್ಲ. ಅಳತೆ ಹಾಕಲು ಹಾಸಿದ ಖಾಕಿ ಕಾಗದದ ಮೇಲೆ ಕೊರಳಿನ ಗೆರೆ ಎಳೆಯುತ್ತ ಎಳೆಯುತ್ತ ಅದು ಕುರಿಯ ಬೆನ್ನಾಗಿಬಿಡುತ್ತಿತ್ತು. ಒಂದು ಕುರಿ ಬಂದಮೇಲೆ ಅದರ ಹಿಂದೆ ಹಿಂಡು ಬರದೆ ಇರುತ್ತದೆಯೇ? ಹೊರಗೆ ಕೂತ ಗಿರಾಕಿ "ಹೇಮಕ್ಕಾ, ನನ್ನ ಜಂಪರ ಆತೇನು?" ಎಂದರೆ, "ಆತ್ರಿ, ಗುಂಡಿ ಹಚ್ಚೋದಷ್ಟ ಉಳದೈತಿ" ಎಂದು ಒಳಗಿನಿಂದ ಸುಳ್ಳು ಹೇಳುವುದರಲ್ಲಿ ಆಕೆಯನ್ನು ಮೀರಿಸುವವರು ಊರಲ್ಲಿಲ್ಲ. ಒಂಬತ್ತನೇ ತರಗತಿಗೆ ಶಾಲೆ ಬಿಟ್ಟು, ಎರಡು ಓಣಿ ಆಚೆಗೆ ಮದುವೆಯಾಗಿ ಹೋದ ಈ ಹೆಂಗಸು, ಚಿತ್ರ ಬರೆಯುವುದನ್ನು ಮಾತ್ರ ಯಾರು ಬೈದರೂ ಬಿಟ್ಟಿರಲಿಲ್ಲ.

ಹಾಗೆ ಬರೆದು ಬರೆದು ಹದಿನಾರು ಪುಟದ ಒಂದು ಚಿತ್ರಕಥೆಯಾಯಿತು. ಬಸ್ ನಿಲ್ದಾಣದ ಹತ್ತಿರ ಝೆರಾಕ್ಸ್ ಅಂಗಡಿ ಇಟ್ಟಿರುವ ಮುನವ್ವರ ಅದರ ಪ್ರತಿ ತೆಗೆದು, ಪಿನ್ನು ಹೊಡೆದು ಪುಸ್ತಕ ಮಾಡಿಕೊಟ್ಟ. ಕಥೆ ಆಕೆಯ ಸ್ವಂತ ಅಜ್ಜಿಯದು. ಅಪ್ಪನ ತಾಯಿ ಮಾರೆವ್ವನಿಗೆ ಈಗ ಎಂಬತ್ತು ದಾಟಿದೆ. ಹರೆಯದಲ್ಲಿ ಕೂಲಿಗಾಗಿ ಮಂದಿಯ ಕುರಿ ಕಾಯುತ್ತಿದ್ದಳು. ಒಂದು ದಿನ ಹತ್ತು ತಿಂಗಳ ಕೂಸು ಲಕ್ಷ್ಮಣಪ್ಪನನ್ನು, ಅಂದರೆ ಹೇಮಾವತಿಯ ಅಪ್ಪನನ್ನು, ಬೆನ್ನಿಗೆ ಕಟ್ಟಿಕೊಂಡು ಗುಡ್ಡದ ಓರೆಯಲ್ಲಿ ನಿಂತಿದ್ದಾಗ ಎದುರಿಗೆ ತೋಳ ಬಂತು. ಆ ಕಥೆಯನ್ನು ಮಾರೆವ್ವ ಅರವತ್ತು ವರ್ಷ ಮೂರೇ ಮಾತಿನಲ್ಲಿ ಹೇಳಿಕೊಂಡು ಬಂದಿದ್ದಳು: "ತೋಳ ಬಂತು. ನಾ ನಿಂತ್ನಿ. ತೋಳ ಹೋತು." ಕಥೆಗೆ ಉಪ್ಪು ಖಾರ ಹಚ್ಚುವ ಕೆಲಸವನ್ನು ಮಗ ವಹಿಸಿಕೊಂಡಿದ್ದ. ತಾಲ್ಲೂಕು ಕಚೇರಿಯಲ್ಲಿ ಜವಾನನಾಗಿ ನಿವೃತ್ತನಾಗುವ ತನಕ ಲಕ್ಷ್ಮಣಪ್ಪ ಯಾರು ಸಿಕ್ಕರೂ "ನಮ್ಮವ್ವ ತೋಳದ ಮುಂದ ಒಂದ ಹೆಜ್ಜಿ ಹಿಂದ ಸರೀಲಿಲ್ಲ" ಎಂದು ಎದೆಯುಬ್ಬಿಸಿ ಹೇಳುತ್ತಿದ್ದ.

ಪುಸ್ತಕ ಊರ ಶಾಲೆಗೂ ಹೋಯಿತು. ಮುಖ್ಯೋಪಾಧ್ಯಾಯಿನಿ ದ್ರಾಕ್ಷಾಯಿಣಿ ಒಂದು ದಿನ ಜಂಪರ ಕೇಳಲು ಬಂದವರು ಜಂಪರದ ಮಾತನ್ನೇ ಮರೆತರು.

"ಹೇಮಾವತಿ, ಓದಾಕ ಬರದ ಹುಡುಗ್ರೂ ನಿಮ್ಮ ಪುಸ್ತಕ ಹಿಡ್ಕೊಂಡು ಕುಂದರ್ತಾವ ನೋಡ್ರಿ. ಈ ಚಿತ್ರ ಓಡಾಡೂಹಂಗ ಮಾಡಾಕ ಬರ್ತೈತೇನು? ಸಾಲಿಗೆ ಪ್ರೊಜೆಕ್ಟರ್ ಬಂದೈತಿ. ಗ್ಯಾದರಿಂಗ್ ದಿನ ಗ್ವಾಡಿ ಮ್ಯಾಲೆ ತೋರ್ಸೋಣು."

"ಅದಕ್ಕೇನ್ರಿ ಟೀಚರ್ರ, ಮಾಡೂಣಂತ" ಎಂದಳು ಹೇಮಾವತಿ. ಹೇಗೆ ಮಾಡುವುದೆಂಬುದು ಆಕೆಗೆ ಎಳ್ಳಷ್ಟೂ ಗೊತ್ತಿರಲಿಲ್ಲ. ಗ್ಯಾದರಿಂಗಿಗೆ, ಅಂದರೆ ಶಾಲೆಯ ವಾರ್ಷಿಕೋತ್ಸವಕ್ಕೆ, ಏಳು ವಾರವಿತ್ತು.

ಫೋನಿನಲ್ಲಿ ನೋಡಿ ನೋಡಿ ಕಲಿತದ್ದು ಇಷ್ಟು: ಚಿತ್ರವನ್ನು ಕೂದಲೆಳೆಯಷ್ಟು ಸರಿಸಿ ಒಂದು ಫೋಟೋ, ಮತ್ತೆ ಸರಿಸಿ ಇನ್ನೊಂದು. ಅಂಥ ಹನ್ನೆರಡು ಫೋಟೋ ಸಾಲಾಗಿ ಓಡಿದರೆ ಒಂದು ಸೆಕೆಂಡು. ಮುನವ್ವರ ಪುಸ್ತಕದ ಚಿತ್ರಗಳನ್ನು ದೊಡ್ಡದು ಮಾಡಿ ತೆಗೆದುಕೊಟ್ಟ. ಮನೆಯಲ್ಲಿ ಕೂಡಿಬಿದ್ದ ಲಗ್ನಪತ್ರಿಕೆಗಳ ದಪ್ಪ ಕಾಗದಕ್ಕೆ ಅವನ್ನು ಅಂಟಿಸಿ, ಕೈ ಕಾಲು ಬೇರೆ ಬೇರೆ ಕತ್ತರಿಸಿ, ಮತ್ತೆ ದಾರದಿಂದ ಕೂಡಿಸಿದಳು. ಅಲ್ಲೇ ಎಡವಿದ್ದು. ಇಪ್ಪತ್ತು ವರ್ಷ ಹೊಲಿದ ಕೈ. ಹೊಲಿಗೆ ಬಿಚ್ಚಿ ಬರಬಾರದು ಎಂಬುದೊಂದೇ ಅದಕ್ಕೆ ಗೊತ್ತು. ಎರಡೆರಡು ಸುತ್ತು ಬಿಗಿದು ಹೊಲಿದದ್ದರಿಂದ ಕಾಗದದ ಮಾರೆವ್ವ ಕೈ ಮುರಿದು ಪಟ್ಟಿ ಕಟ್ಟಿಸಿಕೊಂಡವಳಂತೆ ಸೆಟೆದು ನಿಂತಳು. ಎಲ್ಲ ಬಿಚ್ಚಿ, ಗುಂಡಿ ಹಚ್ಚುವಾಗ ದಾರವನ್ನು ಸಡಿಲ ಬಿಡುವಂತೆ ಬಿಟ್ಟು ಹೊಲಿದಳು. ಕೈ ಎದ್ದಿತು. ಆದರೆ ಎದ್ದ ಕೈಯ ಬುಡದಲ್ಲಿ, ಹೆಗಲಿನ ಹತ್ತಿರ, ತೂತು! ಪುಸ್ತಕದಲ್ಲಿ ಕೈಯ ಹಿಂದೆ ಏನಿದೆ ಎಂದು ಬರೆಯುವ ಗೋಜೇ ಇರಲಿಲ್ಲವಲ್ಲ.

ತಲೆ ಮೇಲೆ ಕೈ ಹೊತ್ತು ಕೂತಿದ್ದಾಗ ಎದುರಿಗೆ ತಿರುವಿಹಾಕಿದ ಒಂದು ಜಂಪರ ಕಂಡಿತು. ಮುಂದೆ ಮೈ ತುಂಬಿದರೆ ಬಿಚ್ಚಿಕೊಳ್ಳಲಿ ಎಂದು ಜಂಪರದ ಒಳಗೆ ಎರಡು ಬೆರಳು ಬಟ್ಟೆ ಬಿಟ್ಟಿರುತ್ತಾರೆ. ಹೇಮಾವತಿ ಪ್ರತಿ ಕೈ, ಪ್ರತಿ ಕಾಲಿನ ಬುಡದಲ್ಲಿ ಹಾಗೆಯೇ ಎರಡು ಬೆರಳು ಹೆಚ್ಚು ಬರೆದು, ಒಳಗೆ ಸೇರಿಸಿ ಹೊಲಿದಳು. ತೂತು ಮುಚ್ಚಿತು. ಇದನ್ನು ಯಾವ ಕಾಲೇಜೂ ಆಕೆಗೆ ಕಲಿಸಿರಲಿಲ್ಲ, ಕಲಿಸಿದ್ದರೂ ಇಷ್ಟು ಬೇಗ ಹೊಳೆಯುತ್ತಿತ್ತೆಂದು ನನಗೇನೂ ಅನಿಸುವುದಿಲ್ಲ.

ನಾಲ್ಕು ವಾರದಲ್ಲಿ ಹತ್ತು ಪುಟ ಓಡಾಡಿದವು. ಕುರಿ ಮೇಯ್ದವು, ಕೂಸು ಕಾಲು ಆಡಿಸಿತು. ಹನ್ನೊಂದನೆಯ ಪುಟಕ್ಕೆ ಬಂದಾಗ ಕೆಲಸ ನಿಂತಿತು. ಆ ಪುಟದಲ್ಲಿ ತೋಳ ಎದುರಿಗೆ ನಿಂತಿದೆ. ಹನ್ನೆರಡರಲ್ಲಿ ಬೆನ್ನು ತೋರಿಸಿ ಹೋಗುತ್ತಿದೆ. ಪುಸ್ತಕದಲ್ಲಾದರೆ ಪುಟ ತಿರುವಿದರೆ ಮುಗಿಯಿತು. ಓಡುವ ಚಿತ್ರದಲ್ಲಿ ಹಾಗಲ್ಲ, ನಡುವಿನದನ್ನೂ ತೋರಿಸಬೇಕು. ನಡುವೆ ಏನಾಯಿತು? ಯಾರಿಗೂ ಗೊತ್ತಿಲ್ಲ. ಇಷ್ಟು ವರ್ಷ ಯಾರೂ ಕೇಳಿಯೂ ಇರಲಿಲ್ಲ!

ಹೇಮಾವತಿ ಕಾಗದದ ಗೊಂಬೆಗಳನ್ನು ಡಬ್ಬಿಯಲ್ಲಿಟ್ಟುಕೊಂಡು ತವರಿಗೆ ಹೋದಳು. ಮಾರೆವ್ವ ಪಡಸಾಲೆಯಲ್ಲಿ ಮೊರದ ತುಂಬ ಹುರುಳಿ ಹಾಕಿಕೊಂಡು ಹಸನು ಮಾಡುತ್ತಿದ್ದಳು. ಅಪ್ಪ ಮನೆಯಲ್ಲಿರಲಿಲ್ಲ.

"ಆಯಿ, ತೋಳ ಬಂದಮ್ಯಾಲೆ ಏನಾತು?"

"ಹೇಳೀನಲ್ಲ. ನಿಂತ್ನಿ. ಹೋತು."

"ನಿಂತಿ ಅಂದ್ರ ಹ್ಯಾಂಗ ನಿಂತಿ? ಕೈ ಎಲ್ಲಿದ್ದು? ನಂಗ ಬಾಯಿ ಮಾತು ಬ್ಯಾಡ, ಇದನ್ನ ಹಿಡದು ನೀನ ಮಾಡಿ ತೋರ್ಸು" ಎಂದು ಹೇಮಾವತಿ ಗೊಂಬೆಯನ್ನು ಆಕೆಯ ಕೈಗಿಟ್ಟಳು.

ಮಾರೆವ್ವ ಅದನ್ನು ಕಣ್ಣಿನ ಹತ್ತಿರ ತಂದು ಬಹಳ ಹೊತ್ತು ನೋಡಿದಳು. ಗೊಂಬೆಯನ್ನು ಹುರುಳಿಯ ಮೇಲೆ ನಿಲ್ಲಿಸಿ ಕಲ್ಲು ಹೆಕ್ಕುವವಳಂತೆ ಬಗ್ಗಿಸಿದಳು. ಬೆನ್ನ ಮೇಲಿನ ಕೂಸನ್ನು ತೆಗೆದು ಹುರುಳಿಯಲ್ಲಿ ಮಲಗಿಸಿದಳು. ಆಮೇಲೆ ಗೊಂಬೆಯನ್ನು ಕೂಸಿನಿಂದ ದೂರ ನಡೆಸಿದಳು. ಒಂದು, ಎರಡು, ಮೂರು. ಮೊರ ಮುಗಿದು ನೆಲಕ್ಕಿಳಿದರೂ ನಿಲ್ಲಿಸಲಿಲ್ಲ. ಹತ್ತಕ್ಕೆ ಕೈ ನಿಂತಿತು.

"ಓಡಿದ್ನೆವ್ವಾ" ಎಂದಳು. "ಕಲ್ಲು ತಗೊಳ್ಳಾಕ ಬಗ್ಗಿದ್ನಿ, ಕಟ್ಟಿದ್ದ ಸೀರಿ ಸಡಲಿ ಕೂಸು ಕೆಳಗ ಜಾರ್ತು. ನನ್ನ ಕಾಲು ನನ್ನ ಮಾತು ಕೇಳ್ಲಿಲ್ಲ. ಹತ್ತ ಹೆಜ್ಜಿ. ಕೂಸು ಅತ್ತಿದ್ದು ಕೇಳಿ ಹೊಳ್ಳಿ ಓಡಿ ಬಂದು ಎತ್ಕೊಂಡ್ನಿ, ಚೀರಿದ್ನಿ. ತೋಳ ಕುಂತಲ್ಲೇ ಕುಂತು ನೋಡ್ತಿತ್ತು. ಯಾಕ ಬಿಟ್ಟು ಹೋತೋ, ಇವತ್ತಿಗೂ ತಿಳೀವಲ್ದು." ಕೂಸಿನ ಗೊಂಬೆಯನ್ನು ಹುರುಳಿಯಿಂದ ಎತ್ತಿ ಮೊಮ್ಮಗಳಿಗೆ ಕೊಟ್ಟು ಅಂದಳು: "ನಿಮ್ಮಪ್ಪಗ ಹೇಳಬ್ಯಾಡ."

ಹೇಮಾವತಿಗೆ ಬಂದದ್ದು ಅಜ್ಜಿಯ ಮೇಲೆ ಸಿಟ್ಟಲ್ಲ. ಇಪ್ಪತ್ತರ ಹುಡುಗಿಯೊಬ್ಬಳು ಇದನ್ನು ಅರವತ್ತು ವರ್ಷ ಒಬ್ಬಳೇ ಹೊತ್ತಳಲ್ಲ ಎಂಬ ಸಂಕಟ. ಮಾತು ಕೊಟ್ಟಳು. ಮನೆಗೆ ಬಂದು ಎರಡು ದಿನ ಕೂತು ಸುಳ್ಳು ತಯಾರಿಸಿದಳು. ಅದರಲ್ಲಿ ಮಾರೆವ್ವ ಬಡಿಗೆ ಬೀಸುತ್ತಾಳೆ, ತೋಳ ಪಲ್ಟಿ ಹೊಡೆಯುತ್ತದೆ, ಬಾಲ ಮುದುರಿಕೊಂಡು ಓಡುತ್ತದೆ. ನೋಡಲು ಛಲೋ ಬಂದಿತ್ತು. ಅಜ್ಜಿಗೆ ಸಮಾಧಾನವಾಗಲಿ ಎಂದು ಫೋನು ಒಯ್ದು ತೋರಿಸಿದಳು.

ಮಾರೆವ್ವ ಕೊನೆಯ ತನಕ ನೋಡಿ ಕೇಳಿದಳು: "ಈಕಿ ಯಾರು?"

"ನೀನ ಆಯಿ."

"ನಾ ಅಲ್ಲ ಇದು" ಎಂದು ಫೋನನ್ನು ಆಚೆ ಸರಿಸಿದಳು. ಮೂರು ದಿನ ಮೊಮ್ಮಗಳ ಜೊತೆ ಮಾತಾಡಲಿಲ್ಲ. ನಾಲ್ಕನೆಯ ದಿನ ಕೋಲೂರಿಕೊಂಡು ತಾನೇ ಎರಡು ಓಣಿ ದಾಟಿ ಬಂದು ಹೊಲಿಗೆ ಮಷೀನಿನ ಪಕ್ಕ ಕೂತಳು. "ನಂದ ಹಾಕು. ನಿಮ್ಮಪ್ಪ ಮುಂದ ಕುಂತು ನೋಡ್ಲಿ, ಬಾಜೂಕ ನಾನೂ ಕುಂದರ್ತೀನಿ. ಬೈದ್ರ ಬೈಲಿ."

ತೋಳದ ಮುಂದೆ ನಿಂತದ್ದು ದೊಡ್ಡ ಮಾತೋ, ಈ ವಯಸ್ಸಿನಲ್ಲಿ ಮಗನ ಮುಂದೆ ಹೀಗೆ ಕೂರಲು ಒಪ್ಪಿದ್ದು ದೊಡ್ಡ ಮಾತೋ? ಕೇಳಿದರೆ ನಾನು ಎರಡನೆಯದಕ್ಕೇ ಕೈ ಎತ್ತುತ್ತೇನೆ.

ಹೇಮಾವತಿ ಹತ್ತು ಹೆಜ್ಜೆಯನ್ನೂ ಒಂದೊಂದಾಗಿ ಮಾಡಿದಳು, ಯಾವುದನ್ನೂ ಮರೆಮಾಚಲಿಲ್ಲ. ಮೊದಮೊದಲು ವಾಪಸು ಬರುವ ಓಟಕ್ಕೂ ಹತ್ತೇ ಹೆಜ್ಜೆ ಮಾಡಿದಳು. ನೋಡಿದರೆ ಮಾರೆವ್ವ ಸಂತೆಗೆ ಹೊರಟವಳಂತೆ ಬರುತ್ತಿದ್ದಳು. ಕೂಸಿನ ಅಳು ಕೇಳಿದ ತಾಯಿ ಹಾಗೆ ಬರುವುದಿಲ್ಲ. ನಡುನಡುವಿನ ಚಿತ್ರ ತೆಗೆದುಹಾಕಿದಷ್ಟೂ ಓಟ ಜೋರಾಗುತ್ತದೆ ಎಂಬುದು ಇಷ್ಟರಲ್ಲಿ ಆಕೆಗೆ ತಿಳಿದಿತ್ತು. ಒಂದು ತೆಗೆದು ನೋಡಿದಳು, ಇನ್ನೊಂದು ತೆಗೆದಳು. ಕೊನೆಗೆ ಸರಿ ಅನಿಸಿದಾಗ ಉಳಿದದ್ದು ನಾಲ್ಕು ಹೆಜ್ಜೆ. ಆ ವಾರ ಯಾರ ಜಂಪರವೂ ಆಗಲಿಲ್ಲವೆಂದು ಬೇರೆ ಹೇಳಬೇಕಿಲ್ಲ.

ಗ್ಯಾದರಿಂಗಿನ ದಿನ ಮಧ್ಯಾಹ್ನ ದೊಡ್ಡ ಕೋಣೆಯ ಕಿಟಕಿಗಳಿಗೆ ಕಂಬಳಿ ಕಟ್ಟಿ ಕತ್ತಲು ಮಾಡಿದರು. ಮೊದಲ ಬೆಂಚಿನಲ್ಲಿ ಇಸ್ತ್ರಿ ಅಂಗಿ ತೊಟ್ಟ ಲಕ್ಷ್ಮಣಪ್ಪ, ಪಕ್ಕದಲ್ಲಿ ಮಾರೆವ್ವ. ಗೋಡೆಯ ಮೇಲೆ ಕುರಿ ಮೇಯ್ದಾಗ ಮಕ್ಕಳು ಕೇಕೆ ಹಾಕಿದರು. ತೋಳ ಬಂದಾಗ ಇನ್ನಷ್ಟು ಕೂಗಿದರು. ಕೂಸು ಕೆಳಗೆ ಜಾರಿತು, ಮಾರೆವ್ವ ಓಡಿದಳು. ಪ್ರೊಜೆಕ್ಟರಿನ ಹತ್ತಿರ ನಿಂತ ಹೇಮಾವತಿಗೆ ಗೋಡೆ ಬೇಕಾಗಿರಲಿಲ್ಲ. ಆಕೆ ಅಪ್ಪನ ಬೆನ್ನನ್ನೇ ನೋಡುತ್ತಿದ್ದಳು. ಆ ಬೆನ್ನು ಅಲುಗಲಿಲ್ಲ.

ಐದು ನಿಮಿಷದ ಚಿತ್ರ ಮುಗಿಯಿತು. ಚಪ್ಪಾಳೆ ಬಿತ್ತು, ದ್ರಾಕ್ಷಾಯಿಣಿ ಟೀಚರು ಕಣ್ಣೊರೆಸಿಕೊಂಡರು. ಮಾರೆವ್ವ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಖಾಲಿ ಗೋಡೆಯನ್ನೇ ನೋಡುತ್ತ ಕೂತಿದ್ದಳು, ಮಗನತ್ತ ತಿರುಗಲಿಲ್ಲ. ಲಕ್ಷ್ಮಣಪ್ಪ ಹಿಂದೆ ತಿರುಗಿ ಮಗಳಿಗೆ ಹೇಳಿದ, "ಹೇಮಾ, ಆ ಓಡೋದಷ್ಟ ಮತ್ತೊಮ್ಮೆ ಹಚ್ಚವಾ."

ಹೇಮಾವತಿ ಅದನ್ನು ಮತ್ತೆ ಹಚ್ಚಿದಳು. ಲಕ್ಷ್ಮಣಪ್ಪ ಬೆರಳ ಗೆಣ್ಣುಗಳ ಮೇಲೆ ಹೆಬ್ಬೆರಳು ಸರಿಸುತ್ತ ಹೆಜ್ಜೆ ಎಣಿಸಿದ. ಮುಗಿದ ಮೇಲೆ ತಾಯಿಯ ಕೈಯನ್ನು ಆಕೆಯ ಮಡಿಲಿನಿಂದ ತೆಗೆದು ತನ್ನ ಕೈಯಲ್ಲಿಟ್ಟುಕೊಂಡ.

"ಯವ್ವಾ, ಹೋಗೋವಾಗ ಹತ್ತ ಹೆಜ್ಜಿ ಹೋದಿ. ಬರೋವಾಗ ನಾಕರಾಗ ಬಂದಿ."

"ಹೋಗಿದ್ದಷ್ಟ ಎಣಿಸಿಕೋಂತ ಬಂದೀನಪ್ಪಾ ಇಷ್ಟು ವರ್ಷ" ಎಂದಳು ಮಾರೆವ್ವ. "ಬಂದದ್ದು ಎಣಿಸಿದ್ದಿಲ್ಲ."