ಅಲ್ಲಾಡದ ಗಿರಾಕಿಗಳು

“ಬದುಕಿರೋರು ಕ್ಯಾಮೆರಾ ಮುಂದೆ ಕೆಮ್ತಾರೆ, ಕೆರ್ಕೋತಾರೆ. ನನ್ನ ಗಿರಾಕಿಗಳು ಇವತ್ತಿನವರ್ಗೂ ಒಬ್ರೂ ಅಲ್ಲಾಡಿಲ್ಲ,” ಎಂದು ಗುಬ್ಬಿಯ ರಹಮತ್ ಉಲ್ಲಾ ಟೀ ಅಂಗಡಿಯಲ್ಲಿ ಎದೆಯುಬ್ಬಿಸಿ ಹೇಳುತ್ತಿದ್ದ. ಸತ್ತವರ ಫೋಟೋ ತೆಗೆಯುವುದರಲ್ಲಿ ಅವನದು ಎತ್ತಿದ ಕೈ. ಗುಬ್ಬಿಯಿಂದ ಕುಣಿಗಲ್ ತನಕ ಅವನು ಗೋಡೆಗೇರಿಸಿದ ಹಿರಿಯರನ್ನೆಲ್ಲ ಇಳಿಸಿ ಸಾಲಾಗಿ ನಿಲ್ಲಿಸಿದ್ದರೆ ತುಮಕೂರಿನಲ್ಲಿ ಯಾರನ್ನು ಬೇಕಾದರೂ ಎಲೆಕ್ಷನ್ ಗೆಲ್ಲಿಸಬಹುದಿತ್ತು. ಅವನ ಸೈಕಲ್ ಬೀದಿಗೆ ತಿರುಗಿದರೆ ಸಾಕು, ವರ್ಷದಿಂದ ಹಾಸಿಗೆ ಹಿಡಿದವರೂ ಎದ್ದು ಹಿತ್ತಲಿಗೆ ಓಡುತ್ತಿದ್ದರು.

ಎಪ್ಪತ್ತಾರರ ಚಳಿಗಾಲದ ಒಂದು ಬೆಳಿಗ್ಗೆ, ಪಕ್ಕದ ಹಳ್ಳಿಯ ಪರಮಶಿವಯ್ಯನ ತಾಯಿ ಸಿದ್ದಗಂಗಮ್ಮ ತೀರಿಕೊಂಡಳೆಂದು ಕರೆ ಬಂತು. ನಾಡಿ ಹಿಡಿದು ನೋಡಿದ ಹಿರಿಯರು ಕೈಚೆಲ್ಲಿದ್ದರು. ಹೊಲದಲ್ಲಿ ಗುಂಡಿ ತೋಡಿ ಆಗಿತ್ತು. ಅವರ ಪದ್ಧತಿಯಂತೆ ಮುದುಕಿಯನ್ನು ಗೋಡೆಗೊರಗಿಸಿ ಕೂರಿಸಿ, ವಿಭೂತಿ ಬಳಿದು, ಹಾರ ಹಾಕಿದ್ದರು. ಸುತ್ತ ಮನೆಮಂದಿ. ಫೋಟೋ ಒಂದಾದರೆ ಹೊತ್ತುಕೊಂಡು ಹೊರಡುವುದೇ.

ರಹಮತ್ ಕರಿಬಟ್ಟೆಯೊಳಗೆ ತಲೆ ತೂರಿಸಿದ. ಕ್ಯಾಮೆರಾದ ಗಾಜಿನ ಮೇಲೆ ತಲೆಕೆಳಗಾಗಿ ಮೂಡಿದ ಮುದುಕಿಯ ಹಾರ ಸಣ್ಣಗೆ ಏರಿಳಿಯುತ್ತಿತ್ತು.

“ಯಾರ್ರೀ ಅದು, ಅವ್ವನ್ನ ಅಲ್ಲಾಡ್ಸೋದು?”

“ಯಾರೂ ಮುಟ್ಟಿಲ್ಲ ಸಾಬ್ರೆ,” ಎಂದ ಪರಮಶಿವಯ್ಯ.

“ಹಂಗಾರೆ ಎಲ್ರೂ ಒಂದ್ ಗಳಿಗೆ ಉಸಿರು ಬಿಗಿ ಹಿಡ್ಕಳಿ.”

ಸೊಸೆಯ ಅಳು ಗಂಟಲಲ್ಲೇ ನಿಂತಿತು. ಎಲ್ಲರೂ ಹೆಣಗಳಂತೆ ಕೂತರು. ಅಲ್ಲಾಡುತ್ತಿದ್ದದ್ದು ಹೆಣ ಮಾತ್ರ.

ರಹಮತ್ ಕರಿಬಟ್ಟೆಯಿಂದ ತಲೆ ಹೊರಗೆಳೆದ. ಬದುಕಿದ್ದಾಳೆ ಅಂದು ಅದು ಸುಳ್ಳಾದರೆ ಇವರು ತನ್ನ ಮೂಳೆ ಮುರಿಯುತ್ತಾರೆ. ಸುಮ್ಮನಿದ್ದರೆ ಮುದುಕಿ ಜೀವಂತ ಮಣ್ಣು ಸೇರುತ್ತಾಳೆ. ಲೆನ್ಸ್ ಬಿಚ್ಚಿ, ಅಂಗಿಗೆ ಒರೆಸಿ, ಅವಳ ಮೂಗಿನ ಕೆಳಗೆ ಹಿಡಿದ. ಗಾಜಿನ ಮೇಲೆ ಸಾಸಿವೆ ಕಾಳಿನಷ್ಟು ಮಂಜು ಕೂತಿತು. ಒರೆಸಿ ಮತ್ತೆ ಹಿಡಿದ. ಮತ್ತೆ ಕೂತಿತು.

“ಸ್ವಾಮಿ, ಗುಂಡಿ ಮುಚ್ಚಿಸ್ಬುಡಿ,” ಎಂದ.

ಹಾರ ಕಿತ್ತು ಹಾಕಿ, ಕಂಬಳಿ ಹೊದೆಸಿ, ಅಂಗಾಲು ತಿಕ್ಕಿದರು. ಸಂಜೆಗೆ ಮುದುಕಿ ಕಣ್ಣು ಬಿಟ್ಟು ಗಂಜಿ ಕೇಳಿದಳು. ಆಗ ಮನೆಯವರು ಬಿಟ್ಟ ಉಸಿರಿಗೆ ಅತ್ತ ದೇವರಾಯನದುರ್ಗದ ಮರಗಳು ಬಾಗಿದವಂತೆ.

ಮರುವರ್ಷ ಸಿದ್ದಗಂಗಮ್ಮ ಹೊಸ ಸೀರೆಯುಟ್ಟು, ತಾನೇ ನಡೆದುಕೊಂಡು ಸ್ಟುಡಿಯೋಗೆ ಬಂದಳು. ಬದುಕಿರುವ ಗಿರಾಕಿಯನ್ನು ಕೂರಿಸಿ ರಹಮತ್ ಕರಿಬಟ್ಟೆಯೊಳಗೆ ತಲೆ ತೂರಿಸಿದ.

“ಅವ್ವಾ, ಒಂಚೂರು ಅಲ್ಲಾಡ್ದೆ ಕೂತ್ಕಳವ್ವ,” ಎಂದ.

“ಅವತ್ತು ನಿನ್ ಮಾತು ಕೇಳಿ ಉಸಿರು ಬಿಗಿ ಹಿಡ್ದು ಅಲ್ಲಾಡ್ದೆ ಕೂತಿದ್ರೆ,” ಎಂದಳು ಮುದುಕಿ, “ಇವತ್ತಿಲ್ಲಿ ಬಂದು ಕೂರಕಾಯ್ತಿತ್ತೇನಪ್ಪ?”